ಮೂರು ದಿನದ ಬಿಡುವಿಗೆ ವೆನಿಸ್ಸೋ, ಫ್ಲಾರೆನ್ಸೋ?

ಇಟಲಿಯಲ್ಲಿ ಮೂರೇ ದಿನಗಳ ಬಿಡುವು ದೊರೆತ ಕುಟುಂಬಕ್ಕೆ ಈ ಪ್ರಶ್ನೆ ಎದುರಾಗದಿರದು. ವೇಗದ ರೈಲಿನಲ್ಲಿ ನಡುವಣ ಹಾದಿ ಎರಡು ಗಂಟೆಗೆ ತುಸು ಹೆಚ್ಚು. ಎರಡನ್ನೂ ನೋಡಿಬಿಡುವ ಆಸೆ ಸಹಜವೇ. ಆದರೆ ಆಸೆಗೆ ಮಣಿದವರ ಅರ್ಧ ದಿನ ಪೆಟ್ಟಿಗೆ ಹೊರುವುದರಲ್ಲೇ ಕಳೆದೀತು.

ಫ್ಲಾರೆನ್ಸ್ ಕಲಾರಸಿಕರ ಕಾಶಿ. 1436ರಲ್ಲಿ ಮುಗಿದ ಬ್ರುನೆಲೆಸ್ಕಿಯ ಗುಮ್ಮಟ, ಐದು ಮೀಟರಿಗೂ ಎತ್ತರವಾದ ಮೈಕೆಲೇಂಜೆಲೊನ ಡೇವಿಡ್ ಶಿಲ್ಪ, ಉಫೀಟ್ಸಿಯ ಚಿತ್ರಶಾಲೆ. ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಸೋಮವಾರ ಮಾತ್ರ ಹೋಗಬಾರದು. ಡೇವಿಡನ ಮಂದಿರವೂ ಚಿತ್ರಶಾಲೆಯೂ ಸಾಮಾನ್ಯವಾಗಿ ಅಂದು ಮುಚ್ಚಿರುತ್ತವೆ.

ವೆನಿಸ್ಸಿನಲ್ಲಾದರೋ ಊರೇ ಚಿತ್ರಶಾಲೆ. ನೂರಕ್ಕೂ ಮಿಕ್ಕ ದ್ವೀಪಗಳು, ಸುಮಾರು 400 ಸೇತುವೆಗಳು. ಹಳೆಯ ನಗರದ ಓಣಿಗಳಲ್ಲಿ ಮೋಟಾರುಗಳ ಸದ್ದಿಲ್ಲ. ಹಗಲಿನ ಜಾತ್ರೆ ಕಂಡು ಅದೇ ಸಂಜೆ ಮರಳಿದವರು ವೆನಿಸ್ಸನ್ನು ಕಂಡಂತಲ್ಲ. ಗುಂಪು ಕರಗಿ, ಕಾಲುವೆಯ ನೀರು ಕಲ್ಲಿಗೆ ತಾಕುವ ಸದ್ದು ಕೇಳಿಸುವುದು ರಾತ್ರಿಯಲ್ಲಿ. 2024ರಲ್ಲಿ ನಗರಸಭೆ ಕೆಲವು ದಿನಗಳ ಮಟ್ಟಿಗೆ ಪ್ರವೇಶ ಶುಲ್ಕ ವಿಧಿಸಿದ್ದೂ ಹಗಲು ಬಂದುಹೋಗುವವರಿಗೇ, ಅಲ್ಲಿ ತಂಗುವವರಿಗಲ್ಲ.

ಹೀಗಾಗಿ ಎರಡು ರಾತ್ರಿ ತಂಗಬಲ್ಲವರಿಗೆ ವೆನಿಸ್ಸೇ ಮೇಲು. ಆದರೆ ಅಲ್ಲಿನ ಸೇತುವೆಗಳಿಗೆಲ್ಲ ಬಹುತೇಕ ಮೆಟ್ಟಿಲುಗಳು! ಮಂಡಿನೋವಿನ ಅತ್ತೆಯವರು ಜೊತೆಗಿದ್ದರೆ ಮರುಮಾತಿಲ್ಲದೆ ಫ್ಲಾರೆನ್ಸಿನ ಟಿಕೆಟ್ಟು ಕೊಳ್ಳುವುದು ಲೇಸು. ಡೇವಿಡನ ದರ್ಶನಕ್ಕೂ ಮುಂಗಡವಾಗಿಯೇ.