ಆರಡಿ ಐದಂಗುಲದ ಜಗಳ!

ಹೀರೋನ ಎತ್ತರ ಅಳೆಯೋಕೆ ಟೇಪು ಹಿಡಿದು ಹೊರಟ ಅಭಿಮಾನಿಗಳನ್ನು ಕಂಡಿದ್ದೀರಾ? ನನ್ನ ರೂಮಿನಲ್ಲೇ ಇಬ್ಬರಿದ್ದಾರೆ! ಜಾಕ್ ರೀಚರ್ ಹೆಸರೆತ್ತಿದರೆ ಸಾಕು, ತಟ್ಟೆಯಲ್ಲಿನ ಅನ್ನ ಆರಿಹೋಗುವ ತನಕ ಕಚ್ಚಾಡುತ್ತಾರೆ. ಒಬ್ಬ ಪುಸ್ತಕದ ಪಾರ್ಟಿ, ಇನ್ನೊಬ್ಬ ಟಾಮ್ ಕ್ರೂಸ್ ಪಾರ್ಟಿ.

ಈ ರೀಚರ್ ಯಾರು ಅಂತ ಮೊದಲು ಹೇಳಿಬಿಡ್ತೀನಿ. ಅಮೆರಿಕದ ಮಿಲಿಟರಿ ಪೊಲೀಸಿನಲ್ಲಿ ಮೇಜರ್ ಆಗಿದ್ದವನು. ಕೆಲಸ ಬಿಟ್ಟ ಮೇಲೆ ಮನೆಯಿಲ್ಲ, ಮಠವಿಲ್ಲ. ಜೇಬಿನಲ್ಲೊಂದು ಮಡಚುವ ಟೂತ್‌ಬ್ರಷ್, ಅಷ್ಟೇ ಲಗೇಜು. ಬಟ್ಟೆ ಕೊಳೆಯಾದರೆ ಒಗೆಯುವುದಿಲ್ಲ. ಎಸೆದು ಅಗ್ಗದ ಹೊಸದು ಕೊಳ್ತಾನೆ! ಸಿಕ್ಕ ಬಸ್ ಹತ್ತುವುದು, ಮನಸ್ಸು ಬಂದ ಕಡೆ ಇಳಿಯುವುದು. 1997ರಲ್ಲಿ ಬಂದ ಮೊದಲ ಕಾದಂಬರಿ ‘ಕಿಲ್ಲಿಂಗ್ ಫ್ಲೋರ್’ನಲ್ಲಿ ಹೀಗೇ ಜಾರ್ಜಿಯಾದ ಸಣ್ಣ ಊರೊಂದಕ್ಕೆ ಬಂದು ತಿಂಡಿಗೆ ಕೂತಾಗಲೇ ಕೊಲೆ ಆರೋಪದ ಮೇಲೆ ಪೊಲೀಸರು ಹಿಡಿಯುತ್ತಾರೆ.

ಬರೆದವರು ಇಂಗ್ಲೆಂಡಿನ ಲೀ ಚೈಲ್ಡ್. ನಿಜ ಹೆಸರು ಜಿಮ್ ಗ್ರಾಂಟ್. 1995ರಲ್ಲಿ ಟೆಲಿವಿಷನ್ ಕಂಪನಿಯ ಕೆಲಸ ಹೋದಾಗ ನಲವತ್ತರ ಆಸಾಮಿ. ಕಾಗದ, ಪೆನ್ಸಿಲ್ ತಂದು ಬರೆಯೋಕೆ ಕೂತರು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಪುಟದ ಲೆಕ್ಕದಲ್ಲಿ ಬರೆದು ಬದುಕುವ ನನಗೆ ಇದು ತಿಳಿದ ರಾತ್ರಿ ನಿದ್ದೆ ಹತ್ತಲಿಲ್ಲ ನೋಡಿ. ಅಂದ ಹಾಗೆ, ಅವರೂ ಭಾರಿ ಎತ್ತರದವರು. ‘ಬರವಣಿಗೆ ಕೈಕೊಟ್ಟರೆ ಸೂಪರ್‌ಮಾರ್ಕೆಟ್ಟಿನಲ್ಲಿ ಮೇಲಿನ ಸಾಲಿನ ಸಾಮಾನು ಎಟುಕಿಸಿಕೊಡೋ ಕೆಲಸವಾದರೂ ಸಿಗುತ್ತೆ’ ಎಂಬರ್ಥದಲ್ಲಿ ಹೆಂಡತಿ ತಮಾಷೆ ಮಾಡಿದ್ದರಿಂದಲೇ ‘ರೀಚರ್’ ಎಂಬ ಹೆಸರು ಹುಟ್ಟಿದ್ದು.

ಜಗಳ ಶುರುವಾದದ್ದು 2012ರ ಸಿನಿಮಾದಿಂದ. ಪುಸ್ತಕದ ರೀಚರ್ 6 ಅಡಿ 5 ಅಂಗುಲ, ತೂಕ ನೂರು ಕಿಲೋ ಮೀರಿದ್ದು. ತೆರೆಯ ಮೇಲೆ ಬಂದದ್ದು ಸುಮಾರು 5 ಅಡಿ 7 ಅಂಗುಲದ ಟಾಮ್ ಕ್ರೂಸ್! ಓದುಗರು ಕೆಂಡವಾದರು. ಚೈಲ್ಡ್ ಮೊದಲು ಕ್ರೂಸ್ ಪರ ನಿಂತರು, ಆ ಚಿತ್ರದಲ್ಲಿ ಪೊಲೀಸನಾಗಿ ಮುಖವನ್ನೂ ತೋರಿಸಿದರು. 2016ರಲ್ಲಿ ಎರಡನೇ ಚಿತ್ರ ಬಂತು, ಗೊಣಗಾಟ ನಿಲ್ಲಲಿಲ್ಲ. ಕೊನೆಗೆ 2018ರಲ್ಲಿ ಚೈಲ್ಡ್ ಅವರೇ ಒಪ್ಪಿಕೊಂಡರು: ಓದುಗರು ಹೇಳಿದ್ದೇ ಸರಿ, ರೀಚರ್‌ಗೆ ಆ ಗಾತ್ರ ಬೇಕೇ ಬೇಕು. 2022ರಲ್ಲಿ ಧಾರಾವಾಹಿಯಾದಾಗ ಬಂದದ್ದು ಗೋಡೆಯಂಥ ಆಲನ್ ರಿಚ್‌ಸನ್.

ನಿಜ ಹೇಳ್ತೀನಿ, ನಾನೂ ಮೊದಲು ಕ್ರೂಸ್ ಪಾರ್ಟಿಯೇ. ನಟನೆ ಮುಖ್ಯ, ಅಂಗುಲ ಯಾರಿಗೆ ಬೇಕು ಅಂತಿದ್ದೆ. ಆ ಚಿತ್ರದ ಮೂಲವಾದ ‘ಒನ್ ಷಾಟ್’ ಓದಿದ ಮೇಲೆ ಬಾಯಿ ಮುಚ್ಚಿದೆ. ಪುಸ್ತಕದಲ್ಲಿ ಫೈಟಿಂಗು ಏಟು ಬೀಳುವ ಮೊದಲೇ ಶುರುವಾಗಿರುತ್ತೆ. ಅವನು ಬಾಗಿಲಲ್ಲಿ ನಿಂತರೆ ಎದುರಿನವರು ಮನಸ್ಸಿನಲ್ಲೇ ಲೆಕ್ಕ ಹಾಕ್ತಾರೆ, ಹಿಂದೇಟು ಹಾಕ್ತಾರೆ. ರೀಚರ್ ಸಾವಕಾಶವಾಗಿ ನಿಂತು ನೋಡ್ತಾನೆ. ಓದುಗ ಕಾಸು ಕೊಡೋದು ಆ ಎರಡು ನಿಮಿಷಕ್ಕೆ. ಕ್ರೂಸ್ ಎದುರಿಗೆ ಐದು ಜನ ಗೂಂಡಾಗಳು ‘ಇವನೇನು ಮಹಾ’ ಅಂತ ಧೈರ್ಯವಾಗಿಯೇ ಬರ್ತಾರೆ. ಹೊಡೆತ ಚೆನ್ನಾಗಿದೆ, ಭಯ ಎಲ್ಲಿ? ಆದರೆ ತಮಾಷೆ ಕೇಳಿ. ರಿಚ್‌ಸನ್ ಕೂಡಾ 6 ಅಡಿ 5 ಅಂಗುಲವಿಲ್ಲ! ಆಗ ಮಾತ್ರ ಟೇಪು ಹಿಡಿದವರೆಲ್ಲ ಮೌನ.

ಈಗ ಹೊಸ ತಕರಾರು. 2020ರ ‘ದಿ ಸೆಂಟಿನಲ್’ನಿಂದ ತಮ್ಮ ಆಂಡ್ರ್ಯೂ ಜೊತೆಗೂಡಿ ಬರೆದರು. ಹೊಸ ರೀಚರ್‌ಗೆ ಮಾತು ಜಾಸ್ತಿಯಾಯ್ತು ಅಂತ ಹಳೇ ಓದುಗರ ದೂರು. ನಮ್ಮ ಪುಸ್ತಕದ ಪಾರ್ಟಿಯಂತೂ ಅವನ್ನು ಕೈಯಲ್ಲಿ ಮುಟ್ಟಲ್ಲ.

ಕ್ರೂಸ್ ಪಾರ್ಟಿಯವನು ಪುಸ್ತಕ ಓದೋನೇ ಅಲ್ಲ. ಕಳೆದ ತಿಂಗಳು ಬಲವಂತಕ್ಕೆ ‘ಕಿಲ್ಲಿಂಗ್ ಫ್ಲೋರ್’ ಮುಗಿಸಿ, ಚಾಪೆಯ ಮೇಲೆ ಮಲಗಿಕೊಂಡೇ ಹೇಳಿದ: “ಅವನು ತಿಂಗಳಾ ತಿಂಗಳಾ ಊರಿಗೆ ದುಡ್ಡು ಕಳಿಸಬೇಕಿಲ್ಲ ಗುರೂ, ಅದಕ್ಕೇ ಅಷ್ಟು ಧೈರ್ಯ.” ನಾವಿಬ್ಬರೂ ಮಾತಾಡಲಿಲ್ಲ. ಎತ್ತರದ ವಿಷಯ ಅವತ್ತು ಎದ್ದೇ ಇಲ್ಲ.

ಮಾರನೇ ದಿನ ಪುಸ್ತಕ ಬ್ಯಾಗಿಗೆ ತುರುಕಿಕೊಂಡು ಹಾಸನದ ಬಸ್ ಹತ್ತಿದ. ಇನ್ನೂ ವಾಪಸ್ ಕೊಟ್ಟಿಲ್ಲ, ಪುಣ್ಯಾತ್ಮ!