ಹುಳಿ ತಾಗಿದರೆ ಬಿಚ್ಚಿಕೊಳ್ಳುವ ಲಸಿಕೆ

ದೇಹದ ರೋಗನಿರೋಧಕ ಪಡೆಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಇಂಟರ್‌ಲ್ಯೂಕಿನ್–2 ಪ್ರೋಟೀನನ್ನು ಅಮೆರಿಕ 1992ರಲ್ಲಿ, ಹರಡಿದ ಮೂತ್ರಪಿಂಡದ ಕ್ಯಾನ್ಸರ್‌ಗೆ ಬಳಸಲು ಒಪ್ಪಿತು. ಕೆಲವರ ಗಡ್ಡೆ ಪೂರ್ತಿ ಕರಗಿದ್ದೂ ಉಂಟು. ಆದರೆ ಮದ್ದು ಮೈಯೆಲ್ಲ ಹರಿದಾಡಿ, ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರಿ, ರಕ್ತದೊತ್ತಡ ಕುಸಿಯುತ್ತಿತ್ತು. ಹಾಗಾಗಿ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯಲ್ಲೇ ಕೊಡಬೇಕೆಂಬ ಕಟ್ಟಳೆ ಬಂತು.

ಬಲವಾದ ಮದ್ದು ಸಿಕ್ಕಿತ್ತು. ಬೇಕಾದ ಕಡೆ ಮಾತ್ರ ಅದನ್ನು ಬಿಚ್ಚುವ ಉಪಾಯ ಸಿಕ್ಕಿರಲಿಲ್ಲ.

ಆ ಉಪಾಯವನ್ನು ಪಾಲಿಮರ್ ವಿಜ್ಞಾನಿಗಳು ಹುಳಿಯಲ್ಲಿ ಹುಡುಕಿದರು. ರಕ್ತದ ಪಿಎಚ್ ಸುಮಾರು 7.4. ಜೀವಕೋಶವೊಂದು ಹೊರಗಿನ ಕಣವನ್ನು ನುಂಗಿದಾಗ ಅದು ಮೊದಲು ಸೇರುವುದು ಎಂಡೋಸೋಮ್ ಎಂಬ ಪುಟ್ಟ ಚೀಲಕ್ಕೆ. ಅಲ್ಲಿ ಪಿಎಚ್ ಇನ್ನೂ ಕಡಿಮೆ, ಅಂದರೆ ಆಮ್ಲೀಯತೆ ಹೆಚ್ಚು. ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದಲ್ಲಿ ಜಿನ್‌ಮಿಂಗ್ ಗಾವ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಪಿಸಿ7ಎ ಎಂಬ ಪಾಲಿಮರ್ ಈ ವ್ಯತ್ಯಾಸವನ್ನು ಗುರುತಿಸಬಲ್ಲದು. ರಕ್ತದಂಥ ಪರಿಸರದಲ್ಲಿ ಅದರ ಎಳೆಗಳು ನೀರಿಗೆ ಬೆನ್ನು ತಿರುಗಿಸಿ ಉಂಡೆಯಾಗುತ್ತವೆ. ಕ್ಯಾನ್ಸರ್‌ನ ಗುರುತಾದ ಪ್ರತಿಜನಕವನ್ನು ಜೊತೆಗೆ ಒಯ್ದು ಲಸಿಕೆಯಾಗುತ್ತವೆ. ಆಮ್ಲ ತಾಗಿದೊಡನೆ ಎಳೆಗಳಲ್ಲಿರುವ ಅಮೀನ್‌ಗಳು ಪ್ರೋಟಾನ್ ಹಿಡಿದುಕೊಂಡು ಒಂದನ್ನೊಂದು ದೂಡುತ್ತವೆ. ಉಂಡೆ ಒಡೆದು, ಒಳಗಿನದು ಕೋಶದ್ರವಕ್ಕೆ ಸೇರುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕೋಶದೊಳಗಿನ ‘ಸ್ಟಿಂಗ್’ ಎಂಬ ಎಚ್ಚರಿಕೆಯ ಪ್ರೋಟೀನನ್ನೂ ಈ ಪಾಲಿಮರ್ ಚುರುಕುಗೊಳಿಸುತ್ತದೆ. ಪಾರ್ಸೆಲ್ ತಂದ ಅಂಚೆಯಣ್ಣನೇ ಊರನ್ನೂ ಎಬ್ಬಿಸಿದ ಹಾಗೆ. ಈ ಲಸಿಕೆಯನ್ನು, ಪ್ರತಿರೋಧ ಕೋಶಗಳ ಕಡಿವಾಣ ಸಡಿಲಿಸುವ ಪಿಡಿ–1 ಪ್ರತಿಕಾಯದ ಜೊತೆ ಕೊಟ್ಟಾಗ, ಒಂದು ಬಗೆಯ ಗಡ್ಡೆಯಿದ್ದ ಇಲಿಗಳೆಲ್ಲವೂ 60 ದಿನ ಬದುಕುಳಿದವು. ಗಡ್ಡೆ ಕರಗಿದ ಇಲಿಗಳಿಗೆ ಅದೇ ಕ್ಯಾನ್ಸರ್ ಕೋಶಗಳನ್ನು ಮತ್ತೆ ಚುಚ್ಚಿದರೂ ಗಡ್ಡೆ ಬೆಳೆಯಲಿಲ್ಲ.

ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ದೂರದ್ದು. ಇಂಟರ್‌ಲ್ಯೂಕಿನ್–2ಕ್ಕೆ ಕಳಚಿಕೊಳ್ಳಬಲ್ಲ ಪಾಲಿಮರ್ ಸರಪಳಿಗಳನ್ನು ತೊಡಿಸಿದ ಬೆಂಪೆಗಾಲ್ಡೆಸ್‌ಲ್ಯೂಕಿನ್, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನ ಮೂರನೇ ಹಂತದ ಪರೀಕ್ಷೆಯಲ್ಲಿ 2022ರಲ್ಲಿ ಸೋತಿತು. ಅದಕ್ಕೂ ಮೊದಲು, 2016ರಲ್ಲಿ, ಟೊರಾಂಟೊದ ಸಂಶೋಧಕರು ನ್ಯಾನೊಕಣಗಳೆಂಬ ಅತಿಸೂಕ್ಷ್ಮ ಮದ್ದುವಾಹಕಗಳ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದ್ದರು. ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆ ತಲುಪಿದ್ದರ ಮಧ್ಯಕ ಪ್ರಮಾಣ ಬರೀ ಶೇ 0.7. ಯಕೃತ್ತು, ಗುಲ್ಮಗಳು ದಾರಿಯಲ್ಲೇ ಬಹಳಷ್ಟನ್ನು ಸೋಸಿಬಿಡುತ್ತವೆ.

ರಕ್ತದ ಮೂಲಕ ಗಡ್ಡೆಗೆ ಹೋಗುವ ಈ ದಾರಿಯನ್ನೇ ಪಿಸಿ7ಎ ಲಸಿಕೆ ಬಿಟ್ಟಿತು. ಅದರ ಗುರಿ ಗಡ್ಡೆಯಲ್ಲ, ಪ್ರತಿರೋಧ ಕೋಶಗಳು ತರಬೇತಿ ಪಡೆಯುವ ದುಗ್ಧಗ್ರಂಥಿ. ಚರ್ಮದಡಿ ಚುಚ್ಚಿದರೂ ಅಲ್ಲಿಗೆ ತಲುಪುವಷ್ಟು ಕಣ ಚಿಕ್ಕದು. ಇದೇ ಪಾಲಿಮರ್‌ನಲ್ಲಿ ಸ್ಟಿಂಗ್ ಅನ್ನು ಕೆರಳಿಸುವ ಅಣುವನ್ನು ತುಂಬಿದ ಒಎನ್‌ಎಂ–501 ಎಂಬ ಮದ್ದನ್ನಾದರೆ ನೇರವಾಗಿ ಗಡ್ಡೆಗೇ ಚುಚ್ಚುತ್ತಾರೆ. ಮನುಷ್ಯರ ಮೇಲೆ ಅದರ ಮೊದಲ ಹಂತದ ಪರೀಕ್ಷೆ 2023ರಲ್ಲಿ ಶುರುವಾಯಿತು. ಆ ಹಂತದಲ್ಲಿ ಮುಖ್ಯವಾಗಿ ನೋಡುವುದು ಎರಡನ್ನೇ: ಮದ್ದು ಎಷ್ಟು ಸುರಕ್ಷಿತ, ಎಷ್ಟು ಡೋಸ್ ಕೊಡಬಹುದು.