ಇಳಿಮೀನಿನ ಜ್ವರ

ಮೀನು ಹಿಡಿಯುವ ಕೂಳಿಯನ್ನು ಅಂಗಳದಲ್ಲಿ ಬೋರಲು ಹಾಕಿದಾಗ ಮೊದಲು ಉದುರಿದ್ದು ಬೆರಳುದ್ದದ ಏಳೆಂಟು ಮೀನು, ಎರಡು ಏಡಿ, ಒಂದು ಹಿಡಿ ಕಸ. ಕೊನೆಗೆ ಜಾರಿ ಬಿದ್ದದ್ದನ್ನು ನೋಡಿ ಮಕ್ಕಳು ‘ಹಾವು ಹಾವು’ ಎಂದು ಕೂಗುತ್ತ ಜಗಲಿ ಹತ್ತಿದವು. ಅಘನಾಶಿನಿ ದಂಡೆಯ ದಿವಗಿ ಹತ್ತಿರ ನೆಂಟರ ಮನೆ; ಜೂನ್ ತಿಂಗಳ ಮೊದಲ ದೊಡ್ಡ ಮಳೆಯ ಮಾರನೆಯ ಬೆಳಿಗ್ಗೆ. ‘ಹಾವಲ್ಲ ಮಾರಾಯ್ರೆ, ಹಾವುಮೀನು’ ಎಂದು ಕೂಳಿ ತಂದವರು ಒಂದು ಮುಷ್ಟಿ ಬೂದಿ ಎರಚಿ ಅದನ್ನು ಹಿಡಿದರು. ಬೂದಿಯಿಲ್ಲದೆ ಆ ಲೋಳೆ ಮೈ ಕೈಯಲ್ಲಿ ನಿಲ್ಲುವುದಿಲ್ಲ. ಮುಂಗೈ ದಪ್ಪ, ಎರಡೂವರೆ ಅಡಿ ಉದ್ದ. ಕೆಸರು ಹಳದಿಯ ಮೈಮೇಲೆ ಕಂದು ಮಚ್ಚೆ, ತಲೆಯ ಹಿಂದೆ ಕಿವಿಯಂತೆ ಎರಡು ಪುಟ್ಟ ಈಜುರೆಕ್ಕೆ, ಬೆನ್ನಿನಿಂದ ಹೊರಟು ಬಾಲ ಸುತ್ತಿ ಹೊಟ್ಟೆಯವರೆಗೂ ಒಂದೇ ಪಟ್ಟಿಯಾಗಿ ಹರಿದ ಇನ್ನೊಂದು ರೆಕ್ಕೆ. ಬಕೆಟ್ಟಿಗೆ ಬಿಟ್ಟೊಡನೆ ಸುರುಳಿ ಸುತ್ತಿ, ಸಾಸಿವೆ ಕಾಳಿಗಿಂತ ತುಸು ದೊಡ್ಡ ಕಣ್ಣಿನಿಂದ ಮೇಲೆ ನೋಡುತ್ತ ಕೂತಿತು.

ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗ ರಾತ್ರಿಯೆಲ್ಲ ಫೋನಿನಲ್ಲಿ ಹಳೆಯ ‘ಸ್ಟಾರ್ ಟ್ರೆಕ್’ ನೋಡಿ ಕಣ್ಣು ಕೆಂಪು ಮಾಡಿಕೊಂಡಿದ್ದ. ಕಾಫಿ ಹೀರುತ್ತ ಕೇಳಿದ: ‘ಮಾವ, ಬದುಕಿಡೀ ತಣ್ಣಗಿದ್ದ ಪ್ರಾಣಿಗೆ ಒಂದು ದಿನ ಇದ್ದಕ್ಕಿದ್ದಂತೆ ಹುಚ್ಚು ಹಿಡಿಯೋದು, ಹುಟ್ಟಿದೂರಿಗೇ ಹೋಗಿ ಜೋಡಿಯಾಗದಿದ್ರೆ ಸತ್ತೇಹೋಗೋದು, ಇಂಥದ್ದೆಲ್ಲ ನಿಜಕ್ಕೂ ಇರ್ತದಾ?’ ನಾನು ಬಕೆಟ್ಟಿನ ಕಡೆ ಕೈ ತೋರಿಸಿದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಅವನು ನೋಡಿದ್ದು ‘ಅಮೋಕ್ ಟೈಮ್’ ಎಂಬ ಕಂತು. ಅಮೆರಿಕದ ಎನ್‌ಬಿಸಿಯಲ್ಲಿ ಪ್ರಸಾರವಾದದ್ದು 1967ರ ಸೆಪ್ಟೆಂಬರ್ 15ರಂದು. ಭಾವನೆಗಳನ್ನೆಲ್ಲ ಕಟ್ಟಿಟ್ಟು ತರ್ಕದಲ್ಲೇ ಬದುಕುವ ಚೂಪುಗಿವಿಯ ಸ್ಪಾಕ್, ಊಟ ಬಿಡುತ್ತಾನೆ. ನರ್ಸ್ ಪ್ರೀತಿಯಿಂದ ತಂದ ಸೂಪಿನ ಬಟ್ಟಲನ್ನು ಗೋಡೆಗೆ ಎಸೆಯುತ್ತಾನೆ. ಕೈ ನಡುಗುತ್ತದೆ, ನೆತ್ತರು ಕುದಿಯುತ್ತದೆ. ವಲ್ಕನ್ ಗ್ರಹದ ಗಂಡಸರಿಗೆ ಏಳು ವರ್ಷಕ್ಕೊಮ್ಮೆ ಬರುವ ‘ಪೋನ್ ಫಾರ್’ ಎಂಬ ಬೆದೆ ಅದು. ತನ್ನ ಗ್ರಹ ತಲುಪಿ ಜೋಡಿಯಾಗದಿದ್ದರೆ ಸಾವೇ ಗತಿ. ನಾಚಿಕೆಯಿಂದ ತನ್ನ ಸ್ಥಿತಿ ವಿವರಿಸುವಾಗ ಸ್ಪಾಕ್ ಎರಡು ಪ್ರಾಣಿಗಳನ್ನು ಎಳೆದು ತರುತ್ತಾನೆ. ಒಂದು, ಭೂಮಿಯ ಸಾಲ್ಮನ್. ಇನ್ನೊಂದು, ಯಾವುದೋ ದೂರದ ಗ್ರಹದಲ್ಲಿ ಹನ್ನೊಂದು ವರ್ಷಕ್ಕೊಮ್ಮೆ ಹುಟ್ಟಿದ ಗುಹೆಗೆ ಮರಳುವ ‘ಈಲ್ ಹಕ್ಕಿ’. ಈಲ್ ಅಂದರೆ ನಮ್ಮ ಹಾವುಮೀನೇ. ಇದನ್ನು ಬರೆದವರ ಹೆಸರು ಥಿಯೋಡರ್ ಸ್ಟರ್ಜನ್. ಸ್ಟರ್ಜನ್ ಎಂಬುದೂ ಮೀನಿನ ಹೆಸರೇ. ಮೊಟ್ಟೆಯಿಡಲು ಕಡಲು ಬಿಟ್ಟು ಹೊಳೆ ಹತ್ತುವ ಮೀನು! ಇದಕ್ಕೆ ನಾನು ಯಾವ ಅರ್ಥವನ್ನೂ ಹಚ್ಚುವುದಿಲ್ಲ, ಹೇಳದೆ ಇರಲಾಗಲಿಲ್ಲ ಅಷ್ಟೆ.

ಹೊಳೆ ಹತ್ತುವ ಮೀನಿನ ವಿಷಯ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಹೊಸದಲ್ಲ. ಮುಂಗಾರಿನ ಮೊದಲ ಕೆಂಪು ನೀರು ಇಳಿದ ರಾತ್ರಿ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುತ್ತವೆ. ಮಲೆನಾಡಿನಲ್ಲಿ ಅದಕ್ಕೆ ಹತ್ತುಮೀನು ಎಂದೇ ಹೆಸರು. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನಿಗೆ ಆಗ ಟಾರ್ಚಿನ ಬೆಳಕಿನ ಪರಿವೆಯೂ ಇಲ್ಲ, ಕತ್ತಿಯ ಅಲಗಿನ ಭಯವೂ ಇಲ್ಲ. ಅದಕ್ಕೇ ಅಷ್ಟು ಸುಲಭವಾಗಿ ಸಿಗುತ್ತವೆ. ಸ್ಪಾಕ್‌ನ ಜ್ವರವನ್ನು ನಮ್ಮವರು ಕೂಳಿ ಒಡ್ಡಿ ಹಿಡಿದು ಸಾರು ಮಾಡಿದ್ದಾರೆ.

ಆದರೆ ಬಕೆಟ್ಟಿನಲ್ಲಿದ್ದದ್ದು ಹತ್ತುಮೀನಲ್ಲ. ಅದನ್ನು ಇಳಿಮೀನು ಎನ್ನಬೇಕು (ಈ ಪದ ನನ್ನದೇ, ಯಾರೂ ಬಳಸುವುದಿಲ್ಲ). ಸಾಲ್ಮನ್ ಕಡಲಲ್ಲಿ ಬೆಳೆದು ಹೊಳೆಯಲ್ಲಿ ಮೊಟ್ಟೆಯಿಟ್ಟರೆ, ಹಾವುಮೀನು ಹೊಳೆಯಲ್ಲಿ ಬೆಳೆದು ಆಳಸಾಗರದಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ಹಾವಿನಂತೆಯೂ ಇರುವುದಿಲ್ಲ, ಮೀನಿನಂತೆಯೂ ಇರುವುದಿಲ್ಲ. ಪಾರದರ್ಶಕವಾದ ಒಂದು ಎಲೆ, ಮುಂದೆ ಚಿಕ್ಕ ತಲೆ. ಪ್ರವಾಹದೊಂದಿಗೆ ತೇಲುತ್ತ ದಡದ ಹತ್ತಿರ ಬಂದಾಗ ಆ ಎಲೆ ಸುರುಳಿಗೊಂಡು ಗಾಜಿನ ಕಡ್ಡಿಯಾಗುತ್ತದೆ. ಕಣ್ಣಿನ ಎರಡು ಕರಿ ಚುಕ್ಕೆ ಬಿಟ್ಟರೆ ಉಳಿದದ್ದು ಕಾಣುವುದೇ ಇಲ್ಲ. ಉಬ್ಬರದ ಜೊತೆ ಅಳಿವೆ ದಾಟಿ ಒಳಬಂದು, ಬಣ್ಣ ಕಟ್ಟಿ, ಕಲ್ಲಿನ ಸಂದಿ ಹಿಡಿದು ವರ್ಷಗಟ್ಟಲೆ ಕೂರುತ್ತದೆ. ಏಡಿ, ಸೀಗಡಿ, ಕಪ್ಪೆ ತಿಂದು ಕೊಬ್ಬುವುದೊಂದೇ ಕೆಲಸ. ಆಮೇಲೆ ಒಂದು ಮಳೆಗಾಲ ಎಲ್ಲ ಬದಲಾಗುತ್ತದೆ. ಹೊಟ್ಟೆ ಬೆಳ್ಳಿಯಾಗುತ್ತದೆ, ಬೆನ್ನು ಕಪ್ಪಾಗುತ್ತದೆ, ಕಣ್ಣು ಹಿಗ್ಗುತ್ತದೆ, ಕರುಳು ಮುದುಡುತ್ತದೆ. ತಿನ್ನುವುದನ್ನು ಬಿಟ್ಟು, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಉರಿಸುತ್ತ ಕಡಲಿಗಿಳಿಯುತ್ತದೆ. ಸೂಪಿನ ಬಟ್ಟಲು ಗೋಡೆಗೆ ಬಿದ್ದದ್ದು ಈಗ ಅರ್ಥವಾಯಿತಲ್ಲ?

ಇಷ್ಟನ್ನು ಒಂದು ಪ್ಯಾರಾದಲ್ಲಿ ಹೇಳಿ ಮುಗಿಸಿದೆ. ಆದರೆ ಇದು ತಿಳಿಯಲು ಮನುಷ್ಯನಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯಿತು. ಹಾವುಮೀನು ಕೊಯ್ದರೆ ಮೊಟ್ಟೆಯಿಲ್ಲ, ವೀರ್ಯವಿಲ್ಲ. ಹಾಗಾಗಿ ಅದು ಕೆಸರಿನಿಂದಲೇ ಹುಟ್ಟುತ್ತದೆಂದು ಅರಿಸ್ಟಾಟಲ್ ಬರೆದ. ಅವನನ್ನು ನೋಡಿ ನಗಬೇಡಿ, ಅವನು ಕೊಯ್ದು ನೋಡಿಯೇ ಬರೆದದ್ದು. ಇಟಲಿಯ ಕಾರ್ಲೊ ಮೊಂದಿನಿ ಹೆಣ್ಣಿನ ಅಂಡಾಶಯವನ್ನು ಗುರುತಿಸಿದ್ದು 1777ರಲ್ಲಿ. ಗಂಡಿನದು ಸಿಗಲೇ ಇಲ್ಲ. 1874ರಲ್ಲಿ ಸಿರ್‌ಸ್ಕಿ ಎಂಬಾತ ಅದೂ ಸಿಕ್ಕಿತೆಂದಾಗ, ಖಾತ್ರಿ ಮಾಡಿಕೊಂಡು ಬಾ ಎಂದು ವಿಯೆನ್ನಾದ ಪ್ರೊಫೆಸರ್ ಕಾರ್ಲ್ ಕ್ಲೌಸ್ ತನ್ನ ವಿದ್ಯಾರ್ಥಿಯೊಬ್ಬನನ್ನು ಟ್ರಿಯೆಸ್ಟ್ ಬಂದರಿಗೆ ಅಟ್ಟಿದ. 1876ರಲ್ಲಿ ಆ ಹುಡುಗ ಸುಮಾರು 400 ಹಾವುಮೀನುಗಳನ್ನು ಕೊಯ್ದ. ಕೈಗೆ ಲೋಳೆ ಮೆತ್ತಿತೇ ಹೊರತು ಖಚಿತವಾದ ಉತ್ತರ ಸಿಗಲಿಲ್ಲ. ಹುಡುಗನ ಹೆಸರು ಸಿಗ್ಮಂಡ್ ಫ್ರಾಯ್ಡ್. ಮುಂದೆ ಮನುಷ್ಯರ ಕಾಮದ ಬಗ್ಗೆ ಅಷ್ಟೆಲ್ಲ ಆತ್ಮವಿಶ್ವಾಸದಿಂದ ಬರೆದ ಮಹಾಶಯ, ಮೀನಿನ ಕಾಮದ ಮುಂದೆ ಸೋತಿದ್ದ.

ಆ ಗಾಜಿನ ಎಲೆಯನ್ನು ಬೇರೆಯೇ ಮೀನೆಂದು ತಿಳಿದು ಅದಕ್ಕೆ ಬೇರೆ ಹೆಸರಿಟ್ಟಿದ್ದರು. ಅದು ಹಾವುಮೀನಿನ ಮರಿಯೆಂದು 1896ರಲ್ಲಿ ತೋರಿಸಿದವರು ಗ್ರಾಸ್ಸಿ ಮತ್ತು ಕಲಾಂದ್ರುಚ್ಚೊ. ಮಲೇರಿಯಾ ಸೊಳ್ಳೆಯ ಕೀರ್ತಿಗಾಗಿ ಸಿಕಂದರಾಬಾದಿನ ರೊನಾಲ್ಡ್ ರಾಸ್ ಜೊತೆ ವರ್ಷಗಟ್ಟಲೆ ಕಚ್ಚಾಡಿದ ಗ್ರಾಸ್ಸಿಯೇ ಈತ. ಆಮೇಲೆ ಬಂದವನು ಡೆನ್ಮಾರ್ಕಿನ ಯೊಹಾನ್ನೆಸ್ ಸ್ಮಿತ್. ನನಗೆ ಇವನ ಮೇಲೆ ವಿಶೇಷ ಮಮತೆ. 1904ರಲ್ಲಿ ಫಾರೋ ದ್ವೀಪಗಳ ಪಶ್ಚಿಮಕ್ಕೆ ಅವನ ಬಲೆಗೆ ಏಳೂವರೆ ಸೆಂಟಿಮೀಟರಿನಷ್ಟು ಉದ್ದದ ಒಂದು ಮರಿ ಬಿತ್ತು. ಅವನ ಯೋಚನೆ ಸರಳ: ಮರಿ ಎಲ್ಲಿ ಚಿಕ್ಕದಾಗುತ್ತ ಹೋಗುತ್ತದೋ ಆ ದಿಕ್ಕಿಗೆ ಹಡಗು ತಿರುಗಿಸುವುದು. ಹುಣಸೆ ಬೀಜ ಚೆಲ್ಲಿದ ದಾರಿ ಹಿಡಿದು ಕಳ್ಳನ ಮನೆ ಹುಡುಕಿದ ಹಾಗೆ. ಸುಮಾರು ಇಪ್ಪತ್ತು ವರ್ಷ ಅಟ್ಲಾಂಟಿಕ್ ಸೋಸಿ, ಅಮೆರಿಕದ ಕಡೆಯ ಸರ್ಗಾಸೊ ಸಮುದ್ರದಲ್ಲಿ ಕೆಲವೇ ಮಿಲಿಮೀಟರಿನ ಮರಿಗಳನ್ನು ಹಿಡಿದು, ಹುಟ್ಟೂರು ಇದೇ ಎಂದ. ಯುರೋಪಿನ ಹೊಳೆಗಳಿಂದ ಅಲ್ಲಿಗೆ ಐದಾರು ಸಾವಿರ ಕಿಲೋಮೀಟರ್. 1928ರಿಂದ 1930ರವರೆಗೆ ಅವನ ‘ಡಾನಾ’ ಹಡಗು ಹಿಂದೂ ಮಹಾಸಾಗರಕ್ಕೂ ಬಂತು. ಆ ಯಾನದಲ್ಲಿ ಸಿಕ್ಕ ಮರಿಗಳನ್ನು ಅಳೆದ ಯೆಸ್ಪರ್ಸನ್ ಎಂಬಾತ 1942ರಲ್ಲಿ, ಈ ಭಾಗದ ಹಾವುಮೀನಿನ ತವರು ಸುಮಾತ್ರಾದ ಪಶ್ಚಿಮಕ್ಕಿರುವ ಆಳಸಾಗರದಲ್ಲಿದೆ ಎಂದು ಬರೆದ.

ಹುಟ್ಟೂರು ಗೊತ್ತಾದರೂ ಮದುವೆಯನ್ನು ನೋಡಿದವರಿಲ್ಲ. ಸರ್ಗಾಸೊದಲ್ಲಿ ಯಾರಿಗೂ ಇಂದಿನವರೆಗೆ ಹಾವುಮೀನಿನ ಒಂದು ಮೊಟ್ಟೆ ಸಿಕ್ಕಿಲ್ಲ. ಜಪಾನಿನವರ ಅದೃಷ್ಟ ದೊಡ್ಡದು: 2009ರಲ್ಲಿ ಮರಿಯಾನಾ ದ್ವೀಪಗಳ ಪಶ್ಚಿಮಕ್ಕೆ ಅವರಿಗೆ 31 ಮೊಟ್ಟೆ ಸಿಕ್ಕವು. ಇಡೀ ಸಾಗರದಲ್ಲಿ 31!

ಇನ್ನು ಆ ಹುಚ್ಚು. ಮೊಬೈಲ್ ರೀಲ್‌ಗಳ ಕೃಪೆಯಿಂದ ಡೋಪಮಿನ್ ಎಂಬ ಪದ ಈಗ ಕುಮಟಾ ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತದೆ. ಸುಖದ ರಾಸಾಯನಿಕವಂತೆ, ಬೆಳಗೆದ್ದು ತಣ್ಣೀರು ಮಿಂದರೆ ಹೆಚ್ಚುತ್ತದಂತೆ, ಒಂದು ವಾರ ಫೋನ್ ಬಿಟ್ಟರೆ ಶುದ್ಧವಾಗುತ್ತದಂತೆ. ಹಾವುಮೀನಿನ ಮಿದುಳಿನಲ್ಲಿ ಅದೇ ಡೋಪಮಿನ್ನಿನ ಕೆಲಸ ಬ್ರೇಕ್ ಹಾಕುವುದು. ಪ್ಯಾರಿಸ್ಸಿನ ಸಿಲ್ವಿ ದುಫೂರ್ ಮತ್ತು ಸಂಗಡಿಗರು ಇದನ್ನು ಬಿಡಿಸಿ ತೋರಿಸಿದ್ದಾರೆ. ಲೈಂಗಿಕ ಗ್ರಂಥಿಗಳನ್ನು ಎಬ್ಬಿಸುವ ಹಾರ್ಮೋನು ಮಿದುಳಡಿಯ ಗ್ರಂಥಿಯಿಂದ ಸುರಿಯಬೇಕು. ಅದಕ್ಕೆ ಮೇಲಿನಿಂದ ಬರಬೇಕಾದ ಅಪ್ಪಣೆಯೂ ಕೊರತೆ, ಜೊತೆಗೆ ಡೋಪಮಿನ್ನಿನ ತಡೆ. ಅಪ್ಪಣೆ ಕೊಟ್ಟು ತಡೆ ತೆಗೆಯದಿದ್ದರೂ ಆಗುವುದಿಲ್ಲ, ತಡೆ ತೆಗೆದು ಅಪ್ಪಣೆ ಕೊಡದಿದ್ದರೂ ಆಗುವುದಿಲ್ಲ. ಅರಿಸ್ಟಾಟಲ್ ಕೊಯ್ದದ್ದೂ ಫ್ರಾಯ್ಡ್ ಕೊಯ್ದದ್ದೂ ಈ ಬ್ರೇಕ್ ಬಿಗಿದ ಮೀನುಗಳನ್ನೇ. ಸಾಕಿದ ಹಾವುಮೀನು ಇವತ್ತಿಗೂ ಹಾರ್ಮೋನ್ ಚುಚ್ಚದೆ ಮೊಟ್ಟೆಗೆ ಬರುವುದಿಲ್ಲ.

ಸ್ಟರ್ಜನ್ ಮಹಾಶಯ ತಪ್ಪಿದ್ದು ಇಲ್ಲೇ ಎಂದು ತಂಗಿಯ ಮಗನಿಗೆ ಹೇಳಿದೆ. ಕಥೆಯಲ್ಲಿ ಜೋಡಿಯಾಗದಿದ್ದರೆ ಸಾವು. ಹೊಳೆಯಲ್ಲಿ ಅದು ತಿರುವುಮುರುವು: ಹೋಗದಿದ್ದರೆ ಸಾಯುವುದಿಲ್ಲ, ಹೋದರೆ ಸಾಯುತ್ತದೆ. ಸ್ವೀಡನ್ನಿನ ಹೆಲ್ಸಿಂಗ್‌ಬೋರಿ ಮ್ಯೂಸಿಯಮ್ಮಿನ ತೊಟ್ಟಿಯಲ್ಲಿದ್ದ ಒಂದು ಹಾವುಮೀನು 1948ರಲ್ಲಿ ಸತ್ತಾಗ ಅದಕ್ಕೆ 88 ವರ್ಷವೆಂದು ದಾಖಲೆ. ಅದರ ಹೆಸರು ಪುಟ್ಟೆ, ನಮ್ಮೂರಿನದ್ದೇ ಇರಬೇಕು ಎನಿಸುವ ಹೆಸರು. ಕಡಲಿಗೆ ಮರಳದ ಒಂಟಿ ಜೀವ. ಕಡಲಿಗೆ ಮರಳಿದ್ದು ಒಮ್ಮೆ ಜೋಡಿಯಾಗಿ ಮುಗಿದುಹೋಗುತ್ತದೆ. ಏಳು ವರ್ಷದ ಲೆಕ್ಕವೂ ಟಿವಿಯ ಅನುಕೂಲಕ್ಕೆ ಮಾಡಿದ್ದು. ಮೀನು ಎಣಿಸುವುದು ವರ್ಷವನ್ನಲ್ಲ, ಮೈಯ ಕೊಬ್ಬನ್ನು. ತುಂಬಿತೆಂದರೆ ನೆರೆ ಬಂದ ಕಗ್ಗತ್ತಲ ರಾತ್ರಿಗೆ ಕಾಯುತ್ತದೆ. ಸ್ಪಾಕ್ ಮುಂದಿನ ವಾರವೂ ಬರಬೇಕಿತ್ತು, ಹಾಗಾಗಿ ಸ್ಟರ್ಜನ್ ಅವನನ್ನು ಕಪ್ತಾನ ಕರ್ಕ್‌ನ ಜೊತೆ ಬಡಿದಾಡಿಸಿ ಜ್ವರ ಇಳಿಸಿದ.

ಕಥೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಬೇರೆ. ವಲ್ಕನ್ನಿಗೆ ಹೋಗಕೂಡದೆಂದು ಮೇಲಿನವರ ಕಟ್ಟಪ್ಪಣೆ ಬರುತ್ತದೆ. ಕರ್ಕ್ ಅದನ್ನು ಮೀರಿ ತನ್ನ ಅಂತರಿಕ್ಷ ಹಡಗು ತಿರುಗಿಸುತ್ತಾನೆ. ನಮ್ಮ ಪಕ್ಕದ ಶರಾವತಿಯಲ್ಲಿ ಆ ಅಪ್ಪಣೆ ಸಿಮೆಂಟಿನಲ್ಲಿ ಬರೆದಿದೆ: ಮೇಲೆ 1964ರ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆಯ ಟೇಲ್‌ರೇಸ್ ಅಣೆಕಟ್ಟು. ಹತ್ತಿ ಬರುವ ಕಡ್ಡಿಗಾತ್ರದ ಮರಿ ಒದ್ದೆ ಗೋಡೆಗೆ ಅಂಟಿಕೊಂಡು ಒಂದಿಷ್ಟು ತೆವಳಿಯಾದರೂ ತೆವಳೀತು. ಕೊಬ್ಬಿ ಇಳಿಯುವ ದೊಡ್ಡ ಮೀನಿನ ದಾರಿ ಟರ್ಬೈನಿನ ಎಲೆಗಳ ನಡುವೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಉಂಚಳ್ಳಿಯ 116 ಮೀಟರ್ ಜಲಪಾತದ ಬುಡದಿಂದ ತದಡಿಯ ಅಳಿವೆವರೆಗೆ ನೀರು ತಡೆಯಿಲ್ಲದೆ ಹೋಗುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರು ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಸುದ್ದಿಯಲ್ಲೆಲ್ಲ ಹಕ್ಕಿ, ಕಾಂಡ್ಲಾ, ಬೆಳಚು ಇದ್ದವು. ಹಾವುಮೀನಿನ ಫೋಟೊ ಹಾಕಿ ಓದುಗರನ್ನು ಹೆದರಿಸುವ ಸಂಪಾದಕರು ಎಲ್ಲಿದ್ದಾರೆ!

   

‘ಇದು ಗಂಡೋ ಹೆಣ್ಣೋ?’ ಎಂದು ತಂಗಿಯ ಮಗ ಬಕೆಟ್ಟಿಗೆ ಬಗ್ಗಿ ಕೇಳಿದ. ಫ್ರಾಯ್ಡ್ ಹತ್ತಿರ ಕೇಳು ಎಂದೆ. ‘ಗಂಡಾದ್ರೂ ಹೆಣ್ಣಾದ್ರೂ ಸಾರು ಒಂದೇ ರುಚಿ’ ಎಂದರು ಕೂಳಿಯವರು. ಹುಡುಗ ಐನೂರರ ನೋಟು ತೆಗೆದ. ಅವರು ಅವನನ್ನೂ ನೋಟನ್ನೂ ಎರಡೆರಡು ಸಲ ನೋಡಿ, ತಲೆ ಕೆರೆದುಕೊಂಡು ಬಕೆಟ್ ಕೊಟ್ಟರು.

ಹೊಳೆ ಬದಿಗೆ ಹೋದಾಗ ಇಳಿತ ಶುರುವಾಗಿತ್ತು. ನೀರು ಕೆಂಪಗೆ, ಕಸಕಡ್ಡಿ ಹೊತ್ತು ತದಡಿ ಕಡೆ ಓಡುತ್ತಿತ್ತು. ಅವನು ಬಕೆಟ್ಟನ್ನು ಮೆಲ್ಲಗೆ ಓರೆ ಮಾಡಿ, ಫೋನನ್ನು ವಿಡಿಯೋಗೆ ಹಿಡಿದು ನಿಂತ. ಹಾವುಮೀನು ಒಂದು ಗಳಿಗೆ ಕೆಸರಿನ ಮೇಲೆ ಮಲಗಿತ್ತು. ಆಮೇಲೆ ನೀರಿಗಿಳಿದು ಕಡಲಿಗೆ ಬೆನ್ನು ತಿರುಗಿಸಿ, ಹರಿವಿಗೆ ಎದುರಾಗಿ ಹಳ್ಳದ ಬಾಯಿಯ ಕಲ್ಲುಕಟ್ಟೆಯ ಸಂದಿಗೆ ಬಾಲ ಮೊದಲು ಮಾಡಿ ಸೇರಿಕೊಂಡಿತು. ತಲೆ ಮಾತ್ರ ಹೊರಗೆ. ಕಣ್ಣು ಇನ್ನೂ ಚಿಕ್ಕದೇ ಇತ್ತು.